ಮಡಕೆ ಕೊಳ್ಳೋ ಮುಂಚೆ ಒಳಗೆ ಕೈ ಹಾಕಿ ನೋಡಿ: ನ್ಯೂ ಮೆಕ್ಸಿಕೋ ಟ್ರಿಪ್ಪು

ನ್ಯೂ ಮೆಕ್ಸಿಕೋದ ಸಾಂಟಾ ಫೆ ಊರಲ್ಲಿ ಒಂದು ಮಡಕೆಗೆ ನಾನು 95 ಡಾಲರ್ ಕೊಟ್ಟು ಟೋಪಿ ಹಾಕಿಸ್ಕೊಂಡೆ. ಪೂರ್ತಿ ಟೋಪಿ ಅಂತನೂ ಹೇಳಕ್ಕಾಗಲ್ಲ, ಅದೇ ಹೊಟ್ಟೆ ಉರಿ. ನೀವೂ ಆ ಕಡೆ ಹೋಗಿ ಪ್ವೆಬ್ಲೋ ಜನರ (ಅಲ್ಲಿನ ಮೂಲನಿವಾಸಿಗಳು) ಮಡಕೆ ತರೋ ಪ್ಲಾನ್ ಇದ್ರೆ ಇದನ್ನ ಓದ್ಕೊಂಡು ಹೋಗಿ.

ನಾವಿರೋದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕ. ಅಮ್ಮ ಊರಿಂದ ಬಂದಿದ್ರು, ಗ್ರಾಂಡ್ ಕ್ಯಾನ್ಯನ್ ಆಗಿತ್ತು, ವೇಗಸ್ ಅಂದ್ರೆ ಮುಖ ಸಿಂಡರಿಸ್ತಿದ್ರು, ಅದಕ್ಕೆ ಅಕ್ಟೋಬರ್ ಮೊದಲ ವಾರ ನಾಲ್ಕು ದಿನ ರಜ ಹಾಕಿ ಕಾರಲ್ಲೇ ಹೊರಟ್ವಿ, ಫ್ಲಾಗ್‌ಸ್ಟಾಫ್‌ವರೆಗೆ ಹತ್ತಿ ಅಲ್ಲಿಂದ ಐ-40 ಹೈವೇ ಹಿಡಿದು ಪೂರ್ವಕ್ಕೆ, ಆಲ್ಬುಕರ್ಕಿಗೆ ಊಟ ತಿಂಡಿ ನಿಲುಗಡೆ ಎಲ್ಲ ಸೇರಿ ಎಂಟು ಗಂಟೆ ಆಯ್ತು. ದಾರೀಲಿ 102ನೇ ಎಕ್ಸಿಟ್ ಹತ್ರ ಆಕೊಮಾ ಅಂತ ಬೋರ್ಡ್ ಬಂತು, ಮಡಕೆ ಮಾಡೋ ಪ್ವೆಬ್ಲೋ ಜನರ ಊರು ಅದು, ವಾಪಸ್ ಬರುವಾಗ ನೋಡಣ ಅಂತ ದಾಟಿ ಹೋದ್ವಿ. ನಾವು ಮಾಡಿದ ಮೊದಲನೇ ತಪ್ಪು ಅದೇ. ಪಶ್ಚಿಮದ ಕಡೆಯಿಂದ ಬರೋರು ಆಕೊಮಾ ಮೊದ್ಲು ನೋಡಿ, ಅಂಗಡಿಗಳು ಆಮೇಲೆ.

ಎರಡನೇ ತಪ್ಪು ರೂಮು. ಆಲ್ಬುಕರ್ಕಿಲಿ ಅಕ್ಟೋಬರ್ ಮೊದಲ ವಾರ ಬಿಸಿಗಾಳಿ ಬಲೂನ್ ಹಬ್ಬ ನಡೆಯುತ್ತೆ, ಸುಮಾರು ಒಂಬತ್ತು ದಿನ, ಊರಿಗೆ ಊರೇ ಫುಲ್. ನಮಗೆ ಅದು ಗೊತ್ತಾಗಿದ್ದು ಬುಕ್ ಮಾಡಿ ಕ್ಯಾನ್ಸಲ್ ಮಾಡೋ ಡೇಟ್ ದಾಟಿದ ಮೇಲೆ. ಹೈವೇ ಪಕ್ಕದ ಒಂದು ಮೋಟೆಲ್ಲು, ಕಾರ್ಪೆಟ್ಟಲ್ಲಿ ಯಾರದ್ದೋ ನಾಯಿ ವಾಸನೆ, ಬಾತ್‌ರೂಮ್ ಬಾಗಿಲು ಮುಚ್ಚಬೇಕಂದ್ರೆ ಭುಜ ಕೊಡ್ಬೇಕು, ಒಂದು ರಾತ್ರಿಗೆ 289 ಡಾಲರ್! ಬೆಳಗಿನ ತಿಂಡಿ ಅಂತ ಒಣಗಿದ ಮಫಿನ್ನು, ಅದನ್ನೂ ಏಳೂವರೆಗೆ ಎತ್ತಿಟ್ಬಿಟ್ರು. ಬಲೂನ್ ರೇಟ್ ಕೊಟ್ಟಿದ್ದೀವಿ, ಒಂದಾದ್ರೂ ಬಲೂನ್ ನೋಡಿದ್ರಾ ಅಂತ ಕೇಳ್ಬೇಡಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟ್ರಾಫಿಕ್ಕಲ್ಲಿ ನಿಲ್ಲೋ ಶಕ್ತಿ ನಂಗಿಲ್ಲ. ಜನಜಂಗುಳಿ ಅಂದ್ರೆ ನಂಗೆ ಮೊದ್ಲಿಂದಲೂ ಆಗಲ್ಲ, ಹಂಗಾಗಿ ಆಗಸ್ಟಲ್ಲಿ ಸಾಂಟಾ ಫೆಲಿ ನಡೆಯೋ ದೊಡ್ಡ ಇಂಡಿಯನ್ ಮಾರ್ಕೆಟ್ ಬಗ್ಗೆನೂ ನನ್ನನ್ನ ಕೇಳ್ಬೇಡಿ. ಇಂಡಿಯನ್ ಅಂದ್ರೆ ಇಲ್ಲಿ ಮೂಲನಿವಾಸಿಗಳು, 1922ರಿಂದ ಶುರುವಾಗಿರೋ ಸಂತೆ ಅದು, ಒಳ್ಳೊಳ್ಳೆ ಕಲಾವಿದ್ರೆಲ್ಲ ಬರ್ತಾರಂತೆ. ಬೇಕಾದೋರು ಹೋಗಿ. (ಇಂಡಿಯನ್ ಮಾರ್ಕೆಟ್ ಅಂದಿದ್ದಕ್ಕೆ ಅಮ್ಮ ಕರಿಬೇವು ಸಿಗುತ್ತಾ ಅಂತ ಕೇಳಿದ್ರು.)

ಈಗ ಮಡಕೆ ವಿಷ್ಯ. ನ್ಯೂ ಮೆಕ್ಸಿಕೋಲಿ 19 ಪ್ವೆಬ್ಲೋಗಳಿವೆ, ಅಂದ್ರೆ ಮೂಲನಿವಾಸಿಗಳ ಹಳೇ ಊರುಗಳು. ಒಂದೊಂದರದ್ದು ಒಂದೊಂದು ಥರದ ಮಣ್ಣು, ಒಂದೊಂದು ಥರದ ಕೆಲ್ಸ. ಸಾಂಟಾ ಕ್ಲಾರಾ, ಸ್ಯಾನ್ ಇಲ್ಡೆಫಾನ್ಸೋ ಅಂದ್ರೆ ಮಿರಮಿರ ಮಿಂಚೋ ಕಪ್ಪು, ಆಕೊಮಾ ಅಂದ್ರೆ ಬಿಳಿ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಗಳು, ಟಾವೋಸ್ ಕಡೆ ಅಭ್ರಕ ಬೆರೆತ ಮಣ್ಣು, ಅದರಲ್ಲಿ ಒಲೆ ಮೇಲಿಟ್ಟು ಕಾಳೂ ಬೇಯಿಸ್ತಾರೆ. ಇಷ್ಟನ್ನೂ ಯಾರೂ ತಿಗರಿ ಮೇಲೆ ಮಾಡಲ್ಲ. ತಿಗರಿನೇ ಇಲ್ಲ ಅವರಲ್ಲಿ. ಮಣ್ಣನ್ನ ಹಾವಿನ ಥರ ಉದ್ದ ಹೊಸೆದು ಸುತ್ತು ಮೇಲೆ ಸುತ್ತು ಇಟ್ಟು, ಸೋರೆಬುರುಡೆ ಚೂರಲ್ಲಿ ಕೆರೆದು, ಮೇಲೆ ನುಣ್ಣನೆ ಮಣ್ಣಿನ ನೀರು ಬಳಿದು ಕಲ್ಲಲ್ಲಿ ಉಜ್ಜೋದು. ನಾನು ಇದನ್ನೆಲ್ಲ ಓದ್ಕೊಂಡೇ ಹೋಗಿದ್ದೆ, ಅದಕ್ಕೇ ಇನ್ನೂ ಜಾಸ್ತಿ ನಾಚಿಕೆ.

ಸಾಂಟಾ ಫೆ ಪ್ಲಾಜಾ, ಅಂದ್ರೆ ಊರ ನಡುವಿನ ಚೌಕ, ಅದರ ಪಕ್ಕದ ಒಂದು ಅಂಗಡಿ. ಹೆಸ್ರು ಬೇಡ. ಏಸಿ, ಸಣ್ಣಗೆ ಕೊಳಲಿನ ಮ್ಯೂಸಿಕ್ಕು, ಗಾಜಿನ ಕಪಾಟು. ಅಂಗೈ ಮೇಲೆ ಕೂರೋವಷ್ಟು ಬಿಳಿ ಮಡಕೆ, ಮೇಲೆಲ್ಲ ಸಣ್ಣ ಗೆರೆ, ತಿರುಗಿಸಿದ್ರೆ ತಳದಲ್ಲಿ ಕಲಾವಿದರ ಹೆಸ್ರು, ಕೆಳಗೆ ಆಕೊಮಾ ಅಂತ ಸಹಿ. ಇದು ಹ್ಯಾಂಡ್‌ಮೇಡಾ ಅಂದೆ. ಹೌದು ಮೇಡಂ, ಎಲ್ಲ ಕೈಯಲ್ಲೇ ಪೇಂಟ್ ಮಾಡಿರೋದು ಅಂದ್ರು. ಕೇಳಿದ್ದು ಒಂದು, ಅವ್ರು ಹೇಳಿದ್ದು ಇನ್ನೊಂದು, ನನ್ನ ಕಿವಿಗೆ ಎರಡೂ ಒಂದೇ ಥರ ಬಿತ್ತು. 95 ಡಾಲರ್‌ಗೆ ಕಾರ್ಡ್ ಗೀಚಿದೆ.

ರಾತ್ರಿ ರೂಮಲ್ಲಿ ಅಮ್ಮ ಅದನ್ನ ಕೈಗೆ ತಗೊಂಡ್ರು. ನಮ್ಮೂರು ತಿಪಟೂರು ಹತ್ರ, ನಮ್ಮಜ್ಜಿ ಮನೆ ಹಿಂದೆನೇ ಕುಂಬಾರ ಬೀದಿ, ಅಮ್ಮ ಚಿಕ್ಕೋರಿದ್ದಾಗ ಮಡಕೆ ಸುಡೋ ಆವಿಗೆಯ ಹೊಗೆಲೇ ಬೆಳೆದಿದ್ದು. ಬಾಯೊಳಗೆ ಎರಡು ಬೆರಳು ಹಾಕಿ ಸುತ್ತ ಸವರಿದ್ರು, ಬೆರಳಗಣ್ಣಲ್ಲಿ ಒಂದ್ಸಲ ತಟ್ಟಿದ್ರು, ಟಿಣ್ ಅಂತು, ನಮ್ಮನೆ ಊಟದ ತಟ್ಟೆ ಥರ. "ಇದು ಅಚ್ಚಿಂದು ಕಣೇ. ಒಳಗೆ ಒಂದು ಬೆರಳ ಗುರುತೂ ಇಲ್ಲ, ಪಿಂಗಾಣಿ ಲೋಟ ಇದ್ದಂಗಿದೆ. ಎಷ್ಟು ಕೊಟ್ಟೆ?" ನಾನು 30 ಅಂದೆ.

ಬೆಳಿಗ್ಗೆ ವಾಪಸ್ ತಗೊಂಡು ಹೋದ್ರೆ ಟ್ಯಾಗ್ ತೋರಿಸಿದ್ರು, ಹ್ಯಾಂಡ್ ಪೇಂಟೆಡ್ ಸೆರಾಮಿಕ್ ಅಂತ ಸಣ್ಣಕ್ಷರದಲ್ಲಿ ಇದೆ, ಸೇಲ್ ಆಗಿದ್ದು ವಾಪಸ್ ಇಲ್ಲ. ಆಮೇಲೆ ವಿಚಾರಿಸಿದಾಗ ಗೊತ್ತಾಗಿದ್ದು, ಇದು ದೊಡ್ಡ ರಹಸ್ಯ ಏನಲ್ಲ. ಪ್ಲಾಸ್ಟರ್ ಅಚ್ಚಿಗೆ ನೀರು ಮಣ್ಣು ಸುರಿದು ತೆಗೆದ ಬಿಳಿ ಮಡಕೆ ಬರುತ್ತೆ, ಅದರ ಮೇಲೆ ನಿಜವಾದ ಆಕೊಮಾ ಕಲಾವಿದರೇ ಕೂತು ಚಿತ್ರ ಬರೀತಾರೆ, ಕರೆಂಟ್ ಭಟ್ಟೀಲಿ ಸುಡ್ತಾರೆ. ಸಹಿ ಸುಳ್ಳಲ್ಲ, ಗೆರೆ ಸುಳ್ಳಲ್ಲ, ಮಡಕೆ ಮಾತ್ರ ಅವರ ಕೈಯಲ್ಲಿ ಹುಟ್ಟಿದ್ದಲ್ಲ. 1990ರಲ್ಲಿ ಒಂದು ಕಾನೂನು ಮಾಡಿದ್ದಾರೆ, ಮೂಲನಿವಾಸಿಗಳು ಮಾಡದೇ ಇರೋದನ್ನ ಅವರದ್ದು ಅಂತ ಮಾರಿದ್ರೆ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು. ಅದು ಯಾರು ಮಾಡಿದ್ರು ಅನ್ನೋದಕ್ಕೆ. ಹೆಂಗೆ ಮಾಡಿದ್ರು ಅನ್ನೋದನ್ನ ನಾವೇ ಬಾಯಿ ಬಿಟ್ಟು ಕೇಳ್ಬೇಕು. ಬದುಕಿಗೆ ಅಂತ ಅಚ್ಚಿನ ಮಡಕೆಗೆ ಬಣ್ಣ ಬರೆಯೋರ ಮೇಲೆ ನಂಗೇನೂ ಸಿಟ್ಟಿಲ್ಲ, ಸಣ್ಣಕ್ಷರದ ಮೇಲೆ ಸಿಟ್ಟು.

ಹಂಗಾಗಿ ಹ್ಯಾಂಡ್‌ಮೇಡಾ ಅಂತ ಕೇಳ್ಲೇಬೇಡಿ. ಕೈಯಲ್ಲಿ ಸುತ್ತು ಇಟ್ಟು ಕಟ್ಟಿದ್ದಾ, ಮಣ್ಣು ಎಲ್ಲಿಂದ ತಂದ್ರಿ, ಹೊರಗೆ ಬೆಂಕೀಲಿ ಸುಟ್ಟಿದ್ದಾ ಇಲ್ಲಾ ಭಟ್ಟೀಲಾ, ಹೀಗೆ ಬಿಡಿಸಿ ಕೇಳಿ. ನಿಜವಾಗ್ಲೂ ಮಾಡಿದವ್ರಾದ್ರೆ ನಿಮಗೆ ಸಾಕು ಸಾಕಾಗೋವಷ್ಟು ಹೇಳ್ತಾರೆ. ಕೈಯಲ್ಲೇ ಕಟ್ಟಿ ಭಟ್ಟೀಲಿ ಸುಡೋರೂ ತುಂಬಾ ಜನ ಇದ್ದಾರೆ, ಬಿಳಿ ಮಡಕೆಗೆ ಹೊಗೆ ಮಚ್ಚೆ ಬಿದ್ರೆ ಹಾಳು ಅಂತ, ಅದು ಮೋಸ ಅಲ್ಲ. ಒಳಗೆ ಕೈ ಹಾಕೋ ಮುಂಚೆ ಅವರ ಪರ್ಮಿಷನ್ ಕೇಳಿ, ಎತ್ತೋದಾದ್ರೆ ಎರಡೂ ಕೈ ತಳಕ್ಕೆ ಕೊಟ್ಟು ಎತ್ತಿ, ಕಂಠ ಹಿಡಿದು ಎತ್ಬೇಡಿ.

ಕೇಳೋಕೆ ಒಳ್ಳೇ ಜಾಗ ಅಂದ್ರೆ ಅದೇ ಪ್ಲಾಜಾದಲ್ಲಿರೋ ಗವರ್ನರ್ಸ್ ಪ್ಯಾಲೇಸ್ ಜಗಲಿ. 1610ರ ಕಾಲದ ಕಟ್ಟಡ, ಈಗ ಮ್ಯೂಸಿಯಂ, ಅದರ ಉದ್ದಕ್ಕೂ ಮೂಲನಿವಾಸಿ ಕಲಾವಿದ್ರು ಗೋಡೆಗೆ ಬೆನ್ನು ಕೊಟ್ಟು ಕಂಬಳಿ ಹಾಸ್ಕೊಂಡು ಕೂತಿರ್ತಾರೆ. ಮ್ಯೂಸಿಯಂನವ್ರು ರೂಲ್ಸ್ ಇಟ್ಟಿದ್ದಾರೆ, ಮಾಡಿದವ್ರು ಇಲ್ಲಾ ಅವರ ಮನೆಯವ್ರೇ ಮಾರ್ಬೇಕು, ವಸ್ತು ಮೇಲೆ ಗುರುತು ಇರ್ಬೇಕು. ಏಸಿ ಅಂಗಡಿ ಅಲ್ಲಿಂದ ನೂರು ಹೆಜ್ಜೆ ಅಷ್ಟೇ, ನಾನು ಬಿಸಿಲು ಅಂತ ಒಳಗೆ ಹೋಗಿದ್ದೆ, ಹೋಗ್ಲಿ ಬಿಡಿ.

ಅಲ್ಲಿ ಸಾಂಟಾ ಕ್ಲಾರಾದ ಒಬ್ಬ ಹೆಂಗಸು, ಅಮ್ಮನ ವಯಸ್ಸಿನವ್ರೇ ಇರ್ಬೇಕು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಕಪ್ಪು ಕುಡಿಕೆ, ಅದರ ಮೇಲೆ ಕರಡಿ ಹೆಜ್ಜೆ ಒತ್ತಿದ್ರು. ಅಮ್ಮ ಕನ್ನಡದಲ್ಲೇ ಶುರು ಮಾಡಿದ್ರು, ನಾನು ಮಧ್ಯ ಕೂತು ಹೇಳೋದು. ಮಣ್ಣು ಕೆಂಪಂತೆ! ಕಪ್ಪು ಬಣ್ಣ ಹಚ್ಚಿದ್ದಲ್ಲ. ಬೆಂಕಿ ಚೆನ್ನಾಗಿ ಹಿಡಿದಾಗ ಮೇಲೆ ಕುದುರೆ ಲದ್ದಿ ಪುಡಿ ಸುರಿದು ಮುಚ್ಚಿಬಿಡ್ತಾರೆ, ಗಾಳಿ ಸಿಗದೆ ಹೊಗೆ ಎಲ್ಲ ಮಡಕೆಗೇ ಇಳಿದು ಕಪ್ಪಾಗುತ್ತೆ, ಮುಚ್ಚದೇ ಬಿಟ್ರೆ ಅದೇ ಮಡಕೆ ಕೆಂಪಾಗೇ ಉಳಿಯುತ್ತೆ. ಹೊಳಪೂ ಪಾಲಿಷ್ ಅಲ್ಲ, ನದಿ ಕಲ್ಲಲ್ಲಿ ಉಜ್ಜಿದ್ದು, ಒಂದ್ಸಲ ಕೂತ್ರೆ ಮುಗಿಯೋವರೆಗೆ ಏಳೋ ಹಂಗಿಲ್ಲ, ಆರಿಬಿಡುತ್ತೆ. ಆ ಕಲ್ಲು ಅವರಜ್ಜಿದಂತೆ. ತಿಂಗಳುಗಟ್ಟಲೆ ಕೆಲ್ಸ ಮಾಡಿ ಬೆಂಕಿಗಿಟ್ಟಾಗ ಫಟ್ ಅಂತ ಒಂದು ಸಿಡಿದ್ರೆ ಪಕ್ಕದ್ದನ್ನೂ ಕೆಡಿಸುತ್ತೆ ಅಂದ್ರು. ಅಮ್ಮ "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅಂದ್ರು, ಅದನ್ನ ಇಂಗ್ಲಿಷಲ್ಲಿ ಹೇಳಿದ್ದಕ್ಕೆ ಆಯಮ್ಮ ತಲೆ ಹಿಂದೆ ಹಾಕಿ ನಕ್ರು, ನಮ್ಮಲ್ಲಿ ದೊಣ್ಣೆ ಬೇಡ, ಗಾಳಿ ಬೀಸಿದ್ರೂ ಸಾಕು ಅಂದ್ರು.

ಇದೇ ಕಪ್ಪಿನ ಮೇಲೆ ಮಾಸಲು ಕಪ್ಪಲ್ಲಿ ಚಿತ್ರ ಇರೋದನ್ನ ನೋಡಿರ್ತೀರ, ಅದನ್ನ 1920ರ ಆಸುಪಾಸಿಗೆ ಶುರು ಮಾಡಿದ್ದು ಸ್ಯಾನ್ ಇಲ್ಡೆಫಾನ್ಸೋದ ಮರಿಯಾ ಮಾರ್ಟಿನೆಜ್, ಅವರ ಗಂಡ ಜೂಲಿಯನ್. ಮಡಕೆ ಕಟ್ಟಿ ಉಜ್ಜೋದು ಹೆಂಡ್ತಿ, ಚಿತ್ರ ಗಂಡಂದು. ಮರಿಯಾ 1980ರವರೆಗೆ ಬದುಕಿದ್ರು, ಆಕೆ ಸಹಿ ಇರೋ ಮಡಕೆಗಳು ಈಗ ಮ್ಯೂಸಿಯಂ ಮಾಲು, ನಮ್ಮ ನಿಮ್ಮ ಕೈಗೆಟುಕಲ್ಲ. ಸಾಂಟಾ ಫೆಲಿ ಮ್ಯೂಸಿಯಂ ಹಿಲ್ ಅಂತಿದೆ, ಅಲ್ಲಿನ ಇಂಡಿಯನ್ ಆರ್ಟ್ಸ್ ಆಂಡ್ ಕಲ್ಚರ್ ಮ್ಯೂಸಿಯಂಗೆ ಕೊಳ್ಳೋ ಮುಂಚೆ ಒಂದು ಗಂಟೆ ಹೋಗಿ ಬನ್ನಿ, ಕಣ್ಣು ಪಳಗುತ್ತೆ.

ಚೌಕಾಸಿ ಬಗ್ಗೆ: ಮಾಡ್ಬೇಡಿ. ಅಮ್ಮ ನನ್ನ ಮೊಣಕೈ ತಿವಿದು ಅರ್ಧಕ್ಕೆ ಕೇಳು ಅಂತಾನೇ ಇದ್ರು, ನಾನು ಕೇಳ್ಲಿಲ್ಲ, 120 ಡಾಲರ್ ಪೂರ್ತಿ ಕೊಟ್ಟೆ. ಕೊಟ್ಟ ಮೇಲೆ ಆಯಮ್ಮ ಒಂದು ಮಾತು ಹೇಳಿದ್ರು, ಅದನ್ನ ನೀವೂ ನೆನಪಿಟ್ಕೊಳಿ: ಇದರೊಳಗೆ ನೀರು ಹಾಕ್ಬೇಡಿ, ಒದ್ದೆ ಬಟ್ಟೇಲಿ ಒರೆಸ್ಬೇಡಿ, ಹೊಳಪು ಹೋಗುತ್ತೆ.

ಜಗಲಿ ಕೊನೇಲಿ ಅಮ್ಮಂಗೆ ಇನ್ನೊಂದು ಕಣ್ಣಿಗೆ ಬಿತ್ತು. ಬಾಯಿ ತೆರೆದು ಕೂತಿರೋ ಒಬ್ಬ ತಾತ, ಮೈ ತುಂಬಾ ಮಕ್ಕಳು ನೇತಾಡ್ತಿದ್ದಾವೆ. ಕಥೆ ಹೇಳೋ ತಾತ ಅದು, 1964ರಲ್ಲಿ ಕೊಚಿಟಿ ಪ್ವೆಬ್ಲೋದ ಹೆಲೆನ್ ಕೊರ್ಡೇರೋ ತಮ್ಮ ಅಜ್ಜನ್ನ ನೆನೆಸ್ಕೊಂಡು ಮೊದಲನೇದು ಮಾಡಿದ್ದು, ಈಗ ಎಷ್ಟೋ ಪ್ವೆಬ್ಲೋಗಳಲ್ಲಿ ಮಾಡ್ತಾರೆ. "ಮುಂದಿನ ವರ್ಷ ಗೊಂಬೆ ಕೂರಿಸುವಾಗ ಮೂರನೇ ಮೆಟ್ಟಿಲಿಗೆ" ಅಂತ ಅಲ್ಲೇ ಡಿಸೈಡ್ ಮಾಡಿದ್ರು. ಐದು ಮಕ್ಕಳ ತಾತ, 85 ಡಾಲರ್. ಮಕ್ಕಳು ಜಾಸ್ತಿ ಆದಂಗೆ ರೇಟೂ ಜಾಸ್ತಿ.

ಊಟದ ವಿಷ್ಯ ಹೇಳ್ದೇ ಮುಂದೆ ಹೋಗಕ್ಕಾಗಲ್ಲ. ಪ್ಲಾಜಾ ಸುತ್ತ ತಿನ್ಬೇಡಿ, ಒಂದು ಸೂಪಿಗೆ 16 ಡಾಲರ್ ಕೇಳ್ತಾರೆ. ಉತ್ತರಕ್ಕೆ ಎಸ್ಪಾನ್ಯೋಲಾ ಕಡೆ ಹೋದ್ರೆ ರಸ್ತೆ ಪಕ್ಕ ಪೆಟ್ರೋಲ್ ಬಂಕಿಗೆ ಅಂಟ್ಕೊಂಡಿರೋ ಥರದ ಸಣ್ಣ ಹೋಟೆಲ್‌ಗಳಿವೆ. ನಾವು ಹೋಗಿದ್ದರಲ್ಲಿ ಆರೇ ಟೇಬಲ್ಲು, ಬೋರ್ಡಲ್ಲಿ ಅರ್ಧ ಅಕ್ಷರ ಉದುರಿತ್ತು. ಕೂತ ತಕ್ಷಣ ಕೆಂಪಾ ಹಸಿರಾ ಅಂತ ಕೇಳ್ತಾರೆ, ಮೆಣಸಿನಕಾಯಿ ಸಾರು ಯಾವ್ದು ಅಂತ. ಎರಡೂ ಬೇಕಂದ್ರೆ ಕ್ರಿಸ್ಮಸ್ ಅನ್ಬೇಕು. ಸಸ್ಯಾಹಾರಿಗಳು ಎರಡು ಪ್ರಶ್ನೆ ಕಡ್ಡಾಯ ಕೇಳಿ, ಕಾಳು ಹಂದಿ ಕೊಬ್ಬಲ್ಲಿ ಬೇಯಿಸಿದ್ದೀರಾ, ಮೆಣಸಿನಕಾಯಿ ಸಾರಲ್ಲಿ ಮಾಂಸ ಇದೆಯಾ. ಅಲ್ಲಿ ಎರಡೂ ಇರ್ಲಿಲ್ಲ. ಕಾಳಿನ ಬುರಿಟೋ (ರೊಟ್ಟಿಲಿ ಸುತ್ತಿದ್ದು) ಮೇಲೆ ಹಸಿರು ಮೆಣಸಿನಕಾಯಿ ಸುಟ್ಟು ಹೆಚ್ಚಿ ಮಾಡಿದ್ದು ಸುರಿದು ಕೊಟ್ರು, ಮೊದಲನೇ ತುತ್ತಿಗೆ ಬದನೆಕಾಯಿ ಸುಟ್ಟ ಗೊಜ್ಜಿನ ವಾಸನೆ, ಎರಡನೇದಕ್ಕೆ ಕಿವಿ ಬಿಸಿ, ಮೂರನೇದಕ್ಕೆ ಅಮ್ಮ ಕಣ್ಣೊರೆಸ್ಕೊಂಡು ಇನ್ನೊಂದು ಹೇಳು ಅಂದ್ರು. ಎರಡು ತಿಂಗಳಿಂದ ಈ ದೇಶದಲ್ಲಿ ಖಾರ ಇಲ್ಲ ಅಂತ ಗೊಣಗ್ತಿದ್ದೋರು! ಜೊತೆಗೆ ಸೋಪಪಿಯಾ, ಉಬ್ಬಿದ ಪೂರಿನೇ, ನಾಲ್ಕು ಮೂಲೆ ಇರುತ್ತೆ ಅಷ್ಟೇ, ಒಂದು ಮೂಲೆ ಮುರಿದು ಒಳಗೆ ಜೇನುತುಪ್ಪ ಬಿಟ್ಕೊಂಡು ತಿನ್ನೋದು. ಮೂರು ಜನಕ್ಕೆ ಹೊಟ್ಟೆ ಬಿರಿಯಾ 31 ಡಾಲರ್. ಮಾರನೇ ದಿನವೂ ಅಲ್ಲಿಗೇ ಹೋದ್ವಿ, ಆ ದಿನ ಬೇರೇನು ಮಾಡಿದ್ವಿ ಅಂದ್ರೆ ಏನೂ ಇಲ್ಲ. ಒಂದು ಪ್ವೆಬ್ಲೋಗೆ ಹೋದ್ರೆ ಪೂಜೆ ಇದೆ ಅಂತ ಹೊರಗಿನವರಿಗೆ ಬಾಗಿಲು ಹಾಕಿದ್ರು. ತಪ್ಪು ನಮ್ದೇ, ಅವು ಜನ ಇರೋ ಊರುಗಳು, ಹೋಗೋ ದಿನ ಬೆಳಿಗ್ಗೆ ಫೋನ್ ಮಾಡಿ ಕೇಳ್ಕೊಂಡು ಹೋಗಿ.

ವಾಪಸ್ ಬರುವಾಗ ಆಕೊಮಾ. ಆಲ್ಬುಕರ್ಕಿಯಿಂದ ಪಶ್ಚಿಮಕ್ಕೆ ಸುಮಾರು 60 ಮೈಲಿ, 367 ಅಡಿ ಎತ್ತರದ ಬಂಡೆ ಮೇಲೆ ಊರು. ಸ್ವಂತವಾಗಿ ಹತ್ತಂಗಿಲ್ಲ, ಕೆಳಗೆ ಟಿಕೆಟ್ ತಗೊಂಡು ಅವರ ಬಸ್ಸಲ್ಲೇ ಹೋಗ್ಬೇಕು, ಗೈಡು ಅಲ್ಲಿಯವ್ರೇ. ಮಂಡಿ ನೋವಿರೋರು ಇಳಿಯೋಕೂ ಬಸ್ಸೇ ಹಿಡೀರಿ, ಹಳೇ ಕಲ್ಲು ಮೆಟ್ಟಿಲು ನಮ್ಮನೆಯವ್ರು ಒಬ್ರೇ ಇಳಿದಿದ್ದು, ಬಂದು ಅರ್ಧ ಗಂಟೆ ಮಾತಾಡ್ಲಿಲ್ಲ. ವಿಡಿಯೋ ಇಲ್ಲ, ಸ್ಮಶಾನದ ಫೋಟೋ ಇಲ್ಲ. ಮೇಲೆ ನಲ್ಲಿ ಇಲ್ಲ, ಕರೆಂಟ್ ಇಲ್ಲ, ಬಂಡೆ ಗುಂಡಿಲಿ ನಿಂತ ಮಳೆ ನೀರನ್ನ ಹೆಂಗಸರು ತಲೆ ಮೇಲೆ ಹೊತ್ತು ತರ್ತಿದ್ರಂತೆ, ಅದಕ್ಕೇ ಹಳೇ ನೀರಿನ ಮಡಕೆಗಳ ತಳ ಒಳಕ್ಕೆ ಬಾಗಿರುತ್ತೆ. ಅಮ್ಮ ಅದನ್ನ ತುಂಬಾ ಹೊತ್ತು ನೋಡಿದ್ರು. "ನಾವು ತಲೆಗೆ ಸಿಂಬಿ ಇಟ್ಕೊಂಡ್ವಿ, ಇವ್ರು ಮಡಕೆಗೇ ಇಟ್ಟಿದ್ದಾರೆ" ಅಂದ್ರು.

ಬೀದಿಲಿ ಮನೆ ಮುಂದೆ ಟೇಬಲ್ ಹಾಕ್ಕೊಂಡು ಮಾರ್ತಾರೆ. ಒಬ್ಬಾಕೆ ಮಾತಾಡ್ತಾನೇ ಗೆರೆ ಎಳೀತಿದ್ರು. ಬ್ರಷ್ ಅಂದ್ರೆ ಯುಕ್ಕಾ ಗಿಡದ ಎಲೆ ಸೀಳಿ ತುದಿ ಹಲ್ಲಲ್ಲಿ ಜಗಿದು ನಾಲ್ಕೈದು ನಾರು ಉಳಿಸ್ಕೊಂಡಿರೋದು, ಅಷ್ಟೇ. ಕಂಠದಿಂದ ಹೊಟ್ಟೆವರೆಗೆ ಒಂದೇ ಉಸಿರಲ್ಲಿ ಒಂದು ಗೆರೆ, ಅದರ ಪಕ್ಕ ಇನ್ನೊಂದು, ಪೆನ್ಸಿಲ್ ಇಲ್ಲ ಸ್ಕೇಲ್ ಇಲ್ಲ, ನಾನು ಎಣಿಸ್ತಾ ಎಣಿಸ್ತಾ ನಲವತ್ತಕ್ಕೆ ಬಿಟ್ಟೆ. ಇಲ್ಲಿಯ ಮಣ್ಣಿಗೆ ಹಳೇ ಮಡಕೆ ಚೂರನ್ನ ಪುಡಿ ಮಾಡಿ ಬೆರೆಸ್ತಾರೆ, ಬಿರುಕು ಬಿಡದಿರ್ಲಿ ಅಂತ. ಆಕೆ ಟೇಬಲ್ಲಲ್ಲಿ ಎರಡು ಸಾಲು, ಮುಂದಿನ ಸಾಲು 35, 40 ಡಾಲರ್‌ದು, ಹಿಂದಿನದ್ದು 150ರಿಂದ ಮೇಲೆ. ನಾನು ಕೇಳೋ ಮುಂಚೆನೇ, ಮುಂದಿನದೆಲ್ಲ ಅಚ್ಚಿಂದು, ಚಿತ್ರ ಮಾತ್ರ ನಂದು ಅಂತ ಹೇಳಿದ್ರು. ನಾನು 95 ಕೊಟ್ಟಿದ್ದಂಥದ್ದೇ ಆ ಮುಂದಿನ ಸಾಲಲ್ಲಿ 40ಕ್ಕಿತ್ತು.

ಹಿಂದಿನ ಸಾಲಿಂದು ತಗೊಳಕ್ಕೆ ಪರ್ಸಲ್ಲಿ ದುಡ್ಡು ಉಳಿದಿರ್ಲಿಲ್ಲ, ಹಾಳಾದ ಮೋಟೆಲ್ಲು. ಕ್ಯಾಶ್ ಇಟ್ಕೊಂಡು ಹೋಗಿ, ಮೇಲೆ ಕಾರ್ಡ್ ಮೆಷಿನ್ ನಂಬ್ಕೋಬೇಡಿ. ಪ್ಯಾಕಿಂಗ್‌ಗೆ ಹಳೇ ಟವಲ್, ಒಂದು ರಟ್ಟಿನ ಡಬ್ಬ ಮನೆಯಿಂದಲೇ ತಗೊಂಡು ಹೋಗಿ, ನಾವು ಕುಡಿಕೆ, ತಾತ ಎರಡನ್ನೂ ಅಮ್ಮನ ಶಾಲಲ್ಲಿ ಸುತ್ತಿ ತೊಡೆ ಮೇಲೆ ಇಟ್ಕೊಂಡು ಬಂದಿದ್ದು. ಅಮ್ಮ ಊರಿಗೆ ಹೋಗುವಾಗಲೂ ಚೆಕ್-ಇನ್‌ಗೆ ಹಾಕ್ದೇ ಕೈಚೀಲದಲ್ಲೇ ಒಯ್ದರು, ಒಂದು ಮಗುವಿನ ಕೈಯೂ ಮುರಿದಿಲ್ಲ. ಅಚ್ಚಿನ ಮಡಕೆ ನಮ್ಮನೆ ಅಡುಗೆಮನೇಲಿದೆ, ಸೌಟು ಇಡೋಕೆ ಸರಿಯಾಗಿದೆ. ಅದರ ನಿಜವಾದ ರೇಟು ಅಮ್ಮಂಗೆ ಇನ್ನೂ ಗೊತ್ತಿಲ್ಲ.