ಕಣದ ಬಿಸಿಲು

ಬ್ರಿಸ್ಬೇನಿನ ನಮ್ಮ ಪಕ್ಕದ ಮನೆಯಲ್ಲೊಬ್ಬ ಅಜ್ಜ ಇದ್ದಾರೆ. ಬಂಡಬರ್ಗ್ ಕಡೆ ನಲವತ್ತು ವರ್ಷ ಕಬ್ಬು ಬೆಳೆದವರು. ಮೊನ್ನೆ ಬೇಲಿಯಾಚೆ ಅವರನ್ನು ಕಂಡು ಗಾಬರಿಯಾಯ್ತು. ಹಣೆ, ಬೋಳು ನೆತ್ತಿ, ಕಿವಿಯ ಅಂಚು, ಎಲ್ಲ ಕಡೆ ಕೆಂಪು ಹಕ್ಕಳೆ. ಎಲ್ಲಾದರೂ ಬಿದ್ರಾ ಅಂದೆ. ಬಿದ್ದಿಲ್ಲ, ಮುಲಾಮು ಹಚ್ಚಿದ್ದಂತೆ. ಫ್ಲೋರೋಯುರಾಸಿಲ್. ಕೆಟ್ಟ ಕೋಶಗಳನ್ನು ಹುಡುಕಿ ಸುಡುತ್ತದೆ, ಕೆಲವು ವಾರ ಮುಖ ಹೀಗೇ ಇರುತ್ತದೆ. ಹೋದ ಸಲ −196 ಡಿಗ್ರಿಯ ದ್ರವ ಸಾರಜನಕ ಸಿಂಪಡಿಸಿ ಒಂದೊಂದು ಮಚ್ಚೆಯನ್ನೇ ಹೆಪ್ಪುಗಟ್ಟಿಸಿದ್ದರಂತೆ.

ಇಲ್ಲಿ ಈ ಮಚ್ಚೆಯನ್ನು ಸನ್‌ಸ್ಪಾಟ್ ಅಂತಾರೆ, ಡಾಕ್ಟರರ ಬಾಯಲ್ಲಿ ಆಕ್ಟಿನಿಕ್ ಕೆರಟೋಸಿಸ್. ವರ್ಷಾನುಗಟ್ಟಲೆ ಬಿದ್ದ ಬಿಸಿಲಿನ ಲೆಕ್ಕ ಚರ್ಮದ ಮೇಲೆ ಏಳೋದು ಹೀಗೆ. ಕ್ಯಾನ್ಸರ್ ಅಲ್ಲ, ಅದರ ಹೊಸ್ತಿಲು. ಹೆಚ್ಚಿನವು ಇದ್ದಲ್ಲೇ ಇರ್ತವೆ, ಕೆಲವು ತಾನಾಗಿ ಮಾಯವಾಗ್ತವೆ, ಎಲ್ಲೋ ಒಂದು ಕ್ಯಾನ್ಸರಾಗಿ ತಿರುಗ್ತದೆ. ಯಾವುದು ಅಂತ ಮೊದಲೇ ಗೊತ್ತಾಗದ್ದರಿಂದ ಸಿಕ್ಕಿದ್ದಕ್ಕೆಲ್ಲ ಮದ್ದು. 1981ರಿಂದಲೇ ಈ ದೇಶದವರು ಅಂಗಿ, ಕ್ರೀಮು, ಟೋಪಿ ಅಂತ ಪಾಠ ಹೇಳ್ತಿದ್ದಾರೆ. ನನ್ನ ಮಗಳ ಶಾಲೆಯಲ್ಲಿ ಟೋಪಿ ಇಲ್ಲದವರಿಗೆ ಆಟವೇ ಇಲ್ಲ.

ನಮ್ಮ ಕಂದು ಮೈಗೆ ಮೆಲನಿನ್ ಅನ್ನೋ ಬಣ್ಣದ ಕಾವಲಿದೆ, ನಮ್ಮಲ್ಲಿ ಇದು ಅಪರೂಪ, ನಿಜ. ಆದರೂ ನನಗೆ ನೆನಪಾದದ್ದು ಸುಂಟಿಕೊಪ್ಪದ ಚಿಕ್ಕಪ್ಪ. ತೋಟದಲ್ಲೇನೋ ಮರದ ನೆರಳುಂಟು, ಕಾಫಿ ಒಣಗಿಸೋ ಕಣದಲ್ಲಿ ಎಲ್ಲಿಯ ನೆರಳು? ಜನವರಿ ಬಂದರೆ ಇಡೀ ದಿನ ಬೋಳುತಲೆಯಲ್ಲಿ ಕಣದ ನಡುವೆ ನಿಂತು ಹಣ್ಣು ತಿರುವಿಸೋರು. ಒಂದು ಹಿಡಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, ಗಲಗಲ ಅಂದರೆ ಮಾತ್ರ ಮೂಟೆಗೆ. ಮಳೆಗಾದರೆ ಕೊಪ್ಪೆ ಹಾಕ್ಕೊಳ್ತಾರೆ. ಬಿಸಿಲಿಗೆ ಏನೂ ಇಲ್ಲ.

ಈ ಮಚ್ಚೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗ್ತದೆ ಅಂದಿದ್ದರು ಪಕ್ಕದ ಮನೆ ಅಜ್ಜ. ಬಡಗಿಯವರ ಪಾಲಿಷ್ ಪೇಪರ್ ಸವರಿದ ಹಾಗೆ ತರಿತರಿ. ರಾತ್ರಿ ವಿಡಿಯೋ ಕಾಲ್ ಮಾಡಿ, “ಚಿಕ್ಕಪ್ಪ, ನೆತ್ತಿ ಮೇಲೆ ಸ್ವಲ್ಪ ಬೆರಳಾಡಿಸಿ ನೋಡಿ” ಅಂದೆ.

“ಎಡಗಡೆ ಒಂಚೂರು ಒರಟುಂಟು ಮಗಾ. ಎರಡು ವರ್ಷ ಆಯ್ತು. ಬಾಚಣಿಗೆ ತಾಗಿದ್ದು.”

“ನಿಮಗೆ ಬಾಚಣಿಗೆ ಯಾಕೆ ಚಿಕ್ಕಪ್ಪ?”

ಒಂದು ಗಳಿಗೆ ಸುಮ್ಮನಾದರು. ಆಮೇಲೆ, ಕೊಯ್ಲು ಮುಗೀಲಿ, ಮಡಿಕೇರಿಗೆ ಹೋಗಿ ತೋರಿಸ್ತೇನೆ ಅಂತ ಶುರುಮಾಡಿದರು. ಅಷ್ಟರಲ್ಲಿ ಫೋನು ಚಿಕ್ಕಮ್ಮನ ಕೈಗೆ ಹೋಗಿತ್ತು.

“ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಿಸ್ತೇನೆ. ನೀನು ಇಡು.”