ಸಿಲೋನ್ ಆಲ್ಬಂ: ಬಿಸ್ಕತ್ ಡಬ್ಬಿಯಿಂದ ಪುಟಕ್ಕೆ

ನನ್ನ ಸಿಲೋನ್ (ಈಗಿನ ಶ್ರೀಲಂಕಾ) ಸ್ಟಾಂಪ್ ಆಲ್ಬಂನಲ್ಲಿ ಬ್ರಿಟಿಷ್ ರಾಜ ಐದನೇ ಜಾರ್ಜ್ ಕಾಲದ ಪುಟಗಳು ಅಂತೂ ಒಂದು ಹಂತಕ್ಕೆ ಬಂದವು. ಮೂರು ವಾರದಿಂದ ಊಟದ ಟೇಬಲ್ ಮೇಲೆ ಚಿಮಟ, ಭೂತಗನ್ನಡಿ, ಕಪ್ಪು ತಟ್ಟೆ. ಮನೆಯವರೆಲ್ಲ ಕೆಳಗೆ ಕೂತು ಊಟ ಮಾಡುತ್ತಿದ್ದಾರೆ.

ತಲೆನೋವು ಏನೆಂದರೆ, ಈ ಸ್ಟಾಂಪುಗಳ ಮೇಲೆ 'ಪೋಸ್ಟೇಜ್' ಅಂತಲೂ ಇದೆ, 'ರೆವಿನ್ಯೂ' ಅಂತಲೂ ಇದೆ. ಒಂದೇ ಸ್ಟಾಂಪನ್ನು ಕಾಗದಕ್ಕೂ ಅಂಟಿಸಬಹುದಿತ್ತು, ರಸೀದಿಗೂ ಅಂಟಿಸಬಹುದಿತ್ತು. ನಾವು ಈಗಲೂ 5,000 ರೂಪಾಯಿ ದಾಟಿದ ರಸೀದಿಗೆ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೇ ಸಹಿ ಎಳೆಯುತ್ತೇವಲ್ವಾ, ಹಾಗೆ. ದುಂಡು ಮೊಹರು ಬಿದ್ದಿದ್ದರೆ ಸಾಮಾನ್ಯವಾಗಿ ಅಂಚೆಯದು. ಪೆನ್ನಿನ ಸಹಿ ಇದ್ದರೆ ಲೆಕ್ಕಪತ್ರದ್ದು. ಪೆನ್ನಿನವಕ್ಕೆ ಬೆಲೆ ತೀರಾ ಕಡಿಮೆ. ನಾನೂ ಅವನ್ನು ಸುಮ್ನೆ ಬಿಸ್ಕತ್ ಡಬ್ಬಿಗೆ ಹಾಕುತ್ತಿದ್ದೆ. ಈ ಸಲ ಮನಸ್ಸು ಬದಲಾಯಿತು. ಯಾರೋ ದುಡ್ಡು ಎಣಿಸಿಕೊಂಡು ಹಾಕಿದ ಸಹಿ ಅದು. ಅವಕ್ಕೂ ಎದುರು ಪುಟದಲ್ಲಿ ಜಾಗ ಕೊಟ್ಟಿದ್ದೇನೆ.

ಒಂದು ಅನಾಹುತವೂ ಆಯಿತು. ಹಿಂದೆ ಅಂಟಿದ ಕಾಗದ ಬಿಡಿಸಲು ನೇರಳೆ ಬಣ್ಣದ ಎರಡು ಸ್ಟಾಂಪುಗಳನ್ನೂ ಎಲ್ಲದರ ಜೊತೆ ನೀರಿಗೆ ಹಾಕಿಬಿಟ್ಟೆ. ಹತ್ತೇ ನಿಮಿಷ, ನೀರು ನೇರಳೆ, ರಾಜನ ಮುಖ ಬಿಳುಚು. ಆ ಶಾಯಿ ಇರುವುದೇ ಹಾಗೆ. ಸಹಿ ತೊಳೆದು ಮತ್ತೆ ಬಳಸಲು ಹೋದರೆ ಸ್ಟಾಂಪೇ ಕೆಡಲಿ ಎಂದು ಮಾಡಿದ್ದು. ಗೊತ್ತಿದ್ದೂ ಹಾಕಿದೆ, ಯಾರನ್ನು ಬೈಯಲಿ?

ವಾಟರ್‌ಮಾರ್ಕ್, ಅಂದರೆ ಕಾಗದದೊಳಗೇ ಇರುವ ಮಸುಕು ಗುರುತು, ನೋಡುವ ಕೆಲಸ ಮುಗಿಯಿತು. ಸ್ಟಾಂಪನ್ನು ಕಪ್ಪು ತಟ್ಟೆಯಲ್ಲಿ ಮಗುಚಿಟ್ಟು ಲೈಟರ್ ಪೆಟ್ರೋಲ್‌ನ ಎರಡು ಹನಿ ಬಿಟ್ಟರೆ ಕಿರೀಟ, 'ಸಿಎ' (ಕ್ರೌನ್ ಏಜೆಂಟ್ಸ್) ಅಕ್ಷರ ಕಾಣುತ್ತವೆ. ಅಕ್ಷರ ನೆಟ್ಟಗಿದ್ದರೆ 1912ರಿಂದ ಬಂದ ಸರಣಿ, ಕೈಬರಹದಂತೆ ಬಾಗಿದ್ದರೆ 1921ರಿಂದ ಈಚಿನದು. ಮೊದಲ ಮಹಾಯುದ್ಧದ ತೆರಿಗೆಗೆಂದು ಮೇಲೆ 'ವಾರ್ ಸ್ಟಾಂಪ್' ಎಂದು ಮುದ್ರಿಸಿದ 1918ರವು ಮೂರು ಸಿಕ್ಕಿವೆ.

ಹಳೆಯ ಕಾಲದ ಪುಟ ಖಾಲಿಯೇ. 1857ರ ಏಪ್ರಿಲ್ 1ಕ್ಕೆ ಬಂದ ಮೊದಲ 6 ಪೆನ್ಸ್ ಸ್ಟಾಂಪ್ ನನ್ನ ಜೇಬಿಗೆ ಎಟುಕುವುದಲ್ಲ. ನನ್ನ ಸಂಗ್ರಹ ಶುರುವಾಗುವುದು 1872ರಿಂದ. ಆಗಲೇ ಅಲ್ಲಿ ಪೆನ್ಸ್ ಹೋಗಿ ರೂಪಾಯಿ, ಸೆಂಟು ಬಂದವು. ನೂರು ಸೆಂಟಿಗೆ ಒಂದು ರೂಪಾಯಿ. ನಾವು ಆಣೆ ಬಿಟ್ಟು ನೂರರ ಲೆಕ್ಕಕ್ಕೆ ಬಂದಿದ್ದು 1957ರಲ್ಲಿ!

1935ರ ಚಿತ್ರದ ಸ್ಟಾಂಪುಗಳು ಕಣ್ಣಿಗೆ ಹಬ್ಬ. ರಬ್ಬರ್ ಹಾಲು ಇಳಿಸುವವನು, ಟೀ ಎಲೆ ಕೀಳುವವರು, ಕೊಲಂಬೊ ಬಂದರು, ಕಾಡಾನೆ. 1938ರಲ್ಲಿ ಅವೇ ಎಷ್ಟೋ ಚಿತ್ರಗಳು ಆರನೇ ಜಾರ್ಜ್ ತಲೆಯೊಂದಿಗೆ ಮತ್ತೆ ಬಂದವು, ಅಂಚಿನ ತೂತುಗಳ ಅಳತೆ ಮಾತ್ರ ಬೇರೆಬೇರೆ. ಅದಕ್ಕೆ ಇನ್ನೂ ಕೈ ಹಾಕಿಲ್ಲ.

ಈಗ ಕಣ್ಣಿರುವುದು 10 ರೂಪಾಯಿಯ ಹಸಿರು-ಕಿತ್ತಳೆ ಸ್ಟಾಂಪಿನ ಮೇಲೆ. ಅದು ಬರೀ ರೆವಿನ್ಯೂ ಸ್ಟಾಂಪು. ಆದರೆ 1952ರ ಡಿಸೆಂಬರ್ 1ರಿಂದ 1954ರ ಮಾರ್ಚ್ 14ರವರೆಗೆ ಅಂಚೆಗೂ ಮಾರಿದರು. ಅದರ ಮೇಲಿರುವ ಆರನೇ ಜಾರ್ಜ್ ಅಷ್ಟೊತ್ತಿಗೆ ತೀರಿಕೊಂಡು ಹತ್ತು ತಿಂಗಳಾಗುತ್ತಾ ಬಂದಿತ್ತು. ಸಹಿ ಬಿದ್ದದ್ದು ನನ್ನ ಬಳಿ ಇದೆ. ಬೇಕಿರುವುದು ಆ ಹದಿನೈದು ತಿಂಗಳೊಳಗಿನ ಮೊಹರು ಇರುವಂಥದ್ದು.

ಹೋದ ವಾರ ಒಂದು ಸಿಕ್ಕಿತ್ತು. ಮೊಹರು ಚೆನ್ನಾಗಿತ್ತು, ಬೆಲೆಯೂ ಜಾಸ್ತಿ ಇರಲಿಲ್ಲ. ಭೂತಗನ್ನಡಿ ಹಿಡಿದೆ. ಮೊಹರಿನ ಅಡಿಯಲ್ಲಿ ತೊಳೆದುಹೋದ ಸಹಿಯ ನೀಲಿ ಬಾಲ. ವಾಪಸ್ ಕೊಟ್ಟು ಬಂದೆ.