ಕೆಲಸ ಸರಿಯಿಲ್ಲದವನಿಗೆ ಹೇಗೆ ಹೇಳುತ್ತೀರಿ?

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಸೂಪರ್‌ವೈಸರ್ ಆದವರೆಲ್ಲ ನನ್ನನ್ನು ಕೇಳುವುದು ಇದನ್ನೇ: “ಕೆಲಸ ಕೆಡಿಸುವ ಹುಡುಗನಿಗೆ ಮನಸ್ಸು ನೋಯದಂತೆ ಹೇಗೆ ಹೇಳುವುದು?”

ಕೆಟ್ಟ ಮಾಲನ್ನು ಕೈಯಲ್ಲಿ ಹಿಡಿದು, ಅದೇ ದಿನ, ಅವನ ಮಷಿನ್ ಹತ್ತಿರ ನಿಂತು ಹೇಳಿ. “ನಿನಗೆ ಗಮನವೇ ಇಲ್ಲ” ಎಂದರೆ ಅವನು ಏನನ್ನು ತಿದ್ದಿಕೊಳ್ಳಬೇಕು? “ಈ ಬುಷ್‌ನ ಬೋರ್ ಸಣ್ಣದಾಗಿದೆ” ಎನ್ನಿ (ಬುಷ್ ಎಂದರೆ ಕೊಳವೆಯಂಥ ಬಿಡಿಭಾಗ, ಬೋರ್ ಅದರ ಒಳತೂತು), ಮಾತು ಮುಂದುವರಿಯುತ್ತದೆ.

ನಮ್ಮಲ್ಲಿ ಸಿಎನ್‌ಸಿ ಲೇಥ್ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ನಡೆಸುವ ಒಬ್ಬ ಹುಡುಗನ ಮಾಲು ಮೇಲಿಂದ ಮೇಲೆ ರಿಜೆಕ್ಟ್ ಆಗುತ್ತಿತ್ತು. ಬೀಡಿನ (ಎರಕದ ಕಬ್ಬಿಣದ) ಬುಷ್, ಬೋರ್ 40.000ದಿಂದ 40.025 ಮಿ.ಮೀ. ಒಳಗಿರಬೇಕು. “ಅಳತೆ ಸರಿಯಾಗಿಯೇ ಬಂದಿತ್ತು ಸರ್” ಎಂದು ಅವನು ಪಟ್ಟು ಬಿಡಲಿಲ್ಲ. ಪಕ್ಕದಲ್ಲಿ ನಿಂತು ನೋಡಿದೆ. ದಿನದ ಲೆಕ್ಕ ಮುಟ್ಟಿಸುವ ಅವಸರದಲ್ಲಿ, ಮಾಲನ್ನು ಹಿಡಿದಿಡುವ ಚಕ್‌ನಿಂದ ತೆಗೆದ ಕೂಡಲೇ, ಇನ್ನೂ ಬಿಸಿಯಿರುವಾಗಲೇ, ಗೇಜ್ ಹಾಕುತ್ತಿದ್ದ. ಬಿಸಿಗೆ ಬೀಡು ಹಿಗ್ಗುತ್ತದೆ. 20 ಡಿಗ್ರಿ ಹೆಚ್ಚಿದ್ದರೂ ಈ ಬೋರ್ ಸುಮಾರು 9 ಮೈಕ್ರಾನ್ (0.009 ಮಿ.ಮೀ.) ದೊಡ್ಡದಾಗುತ್ತದೆ. ಆಗ 40.005 ತೋರಿಸಿದ್ದು ತಣಿದ ಮೇಲೆ 39.996ಕ್ಕೆ ಇಳಿಯುತ್ತದೆ. ಚಹಾ ಮುಗಿದ ಮೇಲೆ ಅದೇ ಬುಷ್ ಅನ್ನು ಅವನ ಕೈಗೇ ಕೊಟ್ಟು ಮತ್ತೆ ಅಳೆಯಲು ಹೇಳಿದೆ. ಗೇಜ್‌ನ ಮುಳ್ಳನ್ನೇ ನೋಡುತ್ತಾ ನಿಂತ. “ಇದನ್ನು ಯಾರೂ ಹೇಳಿರಲಿಲ್ಲ ಸರ್.” ನಿಜವೇ. ಆಮೇಲೆ ಇಬ್ಬರೂ ಸೇರಿ ಗೊತ್ತು ಮಾಡಿಕೊಂಡೆವು: ಮಾಲು ತಣಿದ ಮೇಲೆ ಅಳೆಯುವುದು, ಬಂದ ಅಳತೆಯನ್ನು ಹಾಳೆಯಲ್ಲಿ ಬರೆಯುವುದು, ಶನಿವಾರ ಅದನ್ನು ಕೂಡಿ ನೋಡುವುದು. ಅವನ ದಿನದ ಲೆಕ್ಕವನ್ನೂ ಸ್ವಲ್ಪ ಇಳಿಸಿದೆ.

ನಾಲ್ಕು ಜನರ ಮುಂದೆ ಬೈಯಬೇಡಿ. ಬೈಸಿಕೊಂಡವನು ಮರುದಿನದಿಂದ ಕೆಟ್ಟ ಮಾಲನ್ನು ಒಳ್ಳೆಯದರ ಕೆಳಗೆ ಮುಚ್ಚಿಡುತ್ತಾನೆ. ಅದು ನಿಮಗಿಂತ ಮೊದಲು ಗಿರಾಕಿಯ ಕಣ್ಣಿಗೆ ಬೀಳುತ್ತದೆ. ಮೊದಲು ಹೊಗಳಿ ಆಮೇಲೆ ತಪ್ಪು ಹೇಳಿ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಹುಡುಗರು ಆ ‘ಆದರೆ’ಯನ್ನೇ ಕಾಯುತ್ತಾ ಕೂರುತ್ತಾರೆ. ಹೊಗಳಿಕೆ ಸಲ್ಲುವುದಿದ್ದರೆ ಸಂದ ದಿನವೇ ಹೇಳಿಬಿಡಿ.

ಗೊತ್ತಿದ್ದೂ ಮಾಡದವರೂ ಇರುತ್ತಾರೆ, ಕಡಿಮೆ. ಅವರಿಗೆ ಏನು ಬದಲಾಗಬೇಕು, ಯಾವ ತಾರೀಖಿನೊಳಗೆ, ಆಗದಿದ್ದರೆ ಏನು ಎಂಬುದನ್ನು ಬರೆದು ಕೊಡಿ. ವರ್ಷವಿಡೀ ಸುಮ್ಮನಿದ್ದು ದೀಪಾವಳಿ ಬೋನಸ್ ಹೊತ್ತಿಗೆ ಮೊದಲ ಸಲ “ನಿನ್ನ ಕೆಲಸ ಸರಿಯಿಲ್ಲ” ಎನ್ನುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಆ ಹೊತ್ತಿಗೆ ತಿದ್ದಿಕೊಳ್ಳಲು ಅವನ ಕೈಯಲ್ಲಿ ಒಂದು ಶಿಫ್ಟ್ ಕೂಡ ಉಳಿದಿರುವುದಿಲ್ಲ.